ನಾಳೆ ಬರ್ರಿ ಅಕ್ಕಾ!

1874ರಲ್ಲಿ ಸಿಕಂದರಾಬಾದಿನ ಹಳಿ ಬಂದು ಕೂಡಿದ ಜಂಕ್ಷನ್ ನಮ್ಮ ವಾಡಿ. ಇಲ್ಲಿ ರೈಲು ತಡವಾದರೆ ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಕುಬಸ ತಡವಾದರೆ ಹೇಳುವವರಿಲ್ಲ.

ನಮ್ಮ ಓಣಿಯ ಟೇಲರ್ ಅಂಗಡಿ ಈಗ ‘ಬೊಟಿಕ್’. ಬೋರ್ಡು ಬದಲಾಯಿತು, ಹೊಲಿಗೆ ಕೂಲಿ ಏರಿತು; "ನಾಳೆ ಬರ್ರಿ ಅಕ್ಕಾ" ಮಾತ್ರ ಹಾಗೇ ಉಳಿಯಿತು.

ಅಳತೆಗೆ ಹಳೇ ಕುಬಸ ಕೊಟ್ಟೆ. ಅದು ಮದುವೆ ವರ್ಷದ್ದು ಅಂತ ಹೇಳಲಿಲ್ಲ. ಹೊಸದು ತೋಳೇ ಏರಲಿಲ್ಲ! ಜಗಳಕ್ಕೆಂದೇ ಹೋದೆ. ಟೇಲರಮ್ಮ ನಗುತ್ತ ಬಗಲ ಹೊಲಿಗೆ ತಿರುವಿ ತೋರಿಸಿದಳು: "ಒಳಗ ಒಂದಿಂಚು ಬಟ್ಟಿ ಬಿಟ್ಟೀನ್ರಿ. ನಿಮ್ಮನ್ನ ನೋಡಿದಾಗಲೇ ತಿಳೀತು."

ಹೊಲಿಗೆ ಬಿಚ್ಚಿದಳು, ಕುಬಸ ಕೂತಿತು, ನನ್ನ ಬಾಯಿಗೆ ಹೊಲಿಗೆ ಬಿತ್ತು. ಅಕ್ಕಂದಿರೇ, ಅಳತೆಗೆ ಹಳೇ ಕುಬಸ ಕೊಡಬ್ಯಾಡ್ರಿ, ನಿಮ್ಮ ಅಳತೀನೇ ಕೊಡ್ರಿ!