ಅಗ್ಗದ ರಥ, ಅಕ್ಷಯ ಹುಲ್ಲು

ಅಮೆರಿಕದಲ್ಲಿ ನೀರು ಹಾಯಿಸಿ ಬೆಳೆಯುವ ಬೆಳೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಎಂದು ಕೇಳಿದರೆ ಮುಸುಕಿನ ಜೋಳ, ಗೋಧಿ, ಸೋಯಾ ಎಂದು ತೋಚಿದ್ದು ಹೇಳುವವರುಂಟು. ಪಾಪ, ಅವರಿಗೆ ಊಟದ್ದೇ ಚಿಂತೆ. 2005ರಲ್ಲಿ ನಾಸಾದ ಕ್ರಿಸ್ಟಿನಾ ಮಿಲೇಸಿ ಮತ್ತು ಸಂಗಡಿಗರು ಉಪಗ್ರಹದ ಮಾಹಿತಿ ಮುಂದಿಟ್ಟುಕೊಂಡು ಲೆಕ್ಕ ಹಾಕಿದಾಗ ಗೆದ್ದದ್ದು ಹುಲ್ಲುಹಾಸು. ಮನೆಯಂಗಳ, ಕಚೇರಿಯಂಗಳ, ಗಾಲ್ಫ್ ಮೈದಾನ ಎಲ್ಲ ಸೇರಿ ಸುಮಾರು 1,63,800 ಚದರ ಕಿಲೋಮೀಟರ್. ನೀರಾವರಿಯ ಮುಸುಕಿನ ಜೋಳ ಅದರ ಮೂರನೇ ಒಂದು ಪಾಲು ಮಾತ್ರ. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಬೀದರಿನಿಂದ ಚಾಮರಾಜನಗರದವರೆಗೆ ಹುಲ್ಲು ಹಾಸುತ್ತ ಬಂದರೆ ಜನ ವಾಸ ಮಾಡಲು ಎರಡೋ ಮೂರೋ ಜಿಲ್ಲೆ ಉಳಿದಾವು.

ಈ ಬೆಳೆಯ ಹಿರಿಮೆಯನ್ನು ನಮ್ಮ ರೈತರು ಬೇಗ ಅರಿತುಕೊಂಡಷ್ಟೂ ಒಳ್ಳೆಯದು. ಅಮೆರಿಕದವರು ಬೀಜ ಹಾಕುತ್ತಾರೆ, ಗೊಬ್ಬರ ಕೊಡುತ್ತಾರೆ, ಕಳೆನಾಶಕ ಹೊಡೆಯುತ್ತಾರೆ, ಸ್ಪ್ರಿಂಕ್ಲರ್‌ನಲ್ಲಿ ನೀರುಣಿಸುತ್ತಾರೆ. ಮನೆಗಳ ಇಂಥ ಅಂಗಳಗಳಿಗೆ ಆ ದೇಶ ದಿನಕ್ಕೆ ಸುಮಾರು 900 ಕೋಟಿ ಗ್ಯಾಲನ್ ನೀರು ಬಿಡುತ್ತದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೇ ಅಂದಾಜು ಮಾಡಿದೆ. ಇಷ್ಟೆಲ್ಲ ಮಾಡಿ, ಬೆಳೆ ನಾಲ್ಕು ಬೆರಳು ಎದ್ದ ಕೂಡಲೇ ಕತ್ತರಿಸಿ ಹಾಕುತ್ತಾರೆ. ಕತ್ತರಿಸಿದ್ದನ್ನು ಮನುಷ್ಯರು ತಿನ್ನುವುದಿಲ್ಲ, ದನ ತಿನ್ನುವುದಿಲ್ಲ, ಪೇಟೆಗೆ ಒಯ್ಯುವುದಿಲ್ಲ. ದಲ್ಲಾಳಿಯ ಕಾಟವಿಲ್ಲ, ಬೆಲೆ ಕುಸಿತದ ಭಯವಿಲ್ಲ, ಬೆಂಬಲ ಬೆಲೆಗಾಗಿ ಹೆದ್ದಾರಿಯಲ್ಲಿ ಕೂರುವ ಪ್ರಮೇಯವಿಲ್ಲ. ಫಲದ ಆಸೆಯಿಲ್ಲದೆ ಕರ್ಮ ಮಾಡು ಎಂದು ಕುರುಕ್ಷೇತ್ರದಲ್ಲಿ ಹೇಳಿದ್ದನ್ನು ಒಹಾಯೋದಲ್ಲಿ ಪ್ರತಿ ಶನಿವಾರ ಆಚರಣೆಗೆ ತರುತ್ತಿದ್ದಾರೆ.

ಇಂಥ ಕರ್ಮಯೋಗಿಗೆ ತಕ್ಕ ರಥ ಬೇಡವೇ? ಮೊದಲು ಈ ಕೆಲಸಕ್ಕೆ ಕುಡುಗೋಲು ಹಿಡಿದ ಆಳುಗಳಿದ್ದರು. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್, ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸವರುವ ಗಿರಣಿ ಯಂತ್ರವನ್ನು ನೋಡಿ, ಇದರಿಂದ ನೆಲವನ್ನೂ ಸವರಬಹುದಲ್ಲ ಎಂದುಕೊಂಡು ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಶ್ರೀಮಂತರು ಇದನ್ನು ತಾವೇ ತಳ್ಳಿದರೆ ಮೋಜಿಗೆ ಮೋಜು, ಮೈಗೆ ವ್ಯಾಯಾಮ ಎಂಬ ಭರವಸೆಯೂ ಆ ಪೇಟೆಂಟಿನಲ್ಲಿತ್ತು. ಮುಂದೆ ಬಂದ ಎಂಜಿನಿಯರುಗಳು ವ್ಯಾಯಾಮವನ್ನು ಕಿತ್ತು ಮೋಜನ್ನಷ್ಟೇ ಉಳಿಸಿದರು. ಸೀಟು ಬಂತು, ಸ್ಟೀರಿಂಗ್ ಬಂತು, ಕೋಕ್ ಡಬ್ಬಿ ಇಡಲು ಕಪ್ ಹೋಲ್ಡರ್ ಬಂತು. ಜಾನ್ ಡಿಯರ್ ಕಂಪನಿ 1963ರಲ್ಲಿ ಹೊರತಂದ 110 ಎಂಬ ಮಾದರಿಗೆ ಏಳು ಅಶ್ವಶಕ್ತಿಯಿತ್ತು. ಇಂದು ಕೂತು ಓಡಿಸುವ ಸಾಧಾರಣ ಯಂತ್ರಕ್ಕೇ, ಅಂದರೆ ರೈಡಿಂಗ್ ಮೋವರಿಗೇ, ಇಪ್ಪತ್ತರ ಆಸುಪಾಸು. ಇಪ್ಪತ್ತು ಕುದುರೆಗಳನ್ನು ಹಸಿರು ಹುಲ್ಲಿನ ಮೇಲೆ ಓಡಿಸಿ, ಒಂದೂ ಬಾಯಿ ಹಾಕದಂತೆ ನೋಡಿಕೊಂಡ ನಾಗರಿಕತೆ ಲೋಕದಲ್ಲಿ ಇದೊಂದೇ.

ಈಗ ಬೆಲೆಯ ಮಾತು. ಅಂಗಡಿಯಲ್ಲಿ ಎರಡರಿಂದ ಮೂರು ಸಾವಿರ ಡಾಲರ್ ಕೊಟ್ಟರೆ ಕೆಳ ಅಂತಸ್ತಿನ ಮಾದರಿಯೊಂದು ಮನೆಗೆ ಬರುತ್ತದೆ. ಇದು ದುಬಾರಿ ಎನ್ನುವವರು ಹುಲ್ಲು ಬೆಳೆಯಲು ಬಿಟ್ಟರೆ ತೆರಬೇಕಾದ ಬೆಲೆ ತಿಳಿದಿರಬೇಕು. ಹುಲ್ಲು ಹತ್ತು ಅಂಗುಲ ದಾಟುವುದು ಅಲ್ಲಿನ ಎಷ್ಟೋ ಊರುಗಳಲ್ಲಿ ಕಾನೂನುಬಾಹಿರ. ಫ್ಲಾರಿಡಾದ ಡನೀಡನ್ ನಗರದಲ್ಲಿ ಒಬ್ಬ ಮನೆ ಮಾಲೀಕರಿಗೆ ದಿನಕ್ಕೆ 500 ಡಾಲರಿನಂತೆ ದಂಡ ಬೆಳೆದು ಸುಮಾರು 30,000 ಡಾಲರ್ ಮುಟ್ಟಿತು. ಹುಲ್ಲಿಗಿಂತ ವೇಗವಾಗಿ ಬೆಳೆಯುವುದು ದಂಡವೊಂದೇ ಎಂಬುದು ಆಗ ಸಿದ್ಧವಾಯಿತು. ಆ ಹಣದಲ್ಲಿ ಹತ್ತು ಮೋವರ್ ಕೊಂಡು ಬೀದಿಯಲ್ಲಿ ಮೆರವಣಿಗೆ ಮಾಡಬಹುದಿತ್ತು.

ಈ ಶಿಸ್ತಿನ ಪರಂಪರೆಯೂ ದೊಡ್ಡದು. 1947ರಲ್ಲಿ ನ್ಯೂಯಾರ್ಕ್ ಬಳಿ ಲೆವಿಟ್‌ಟೌನ್ ಎಂಬ ಬಡಾವಣೆ ಎದ್ದಾಗ, ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ ಹುಲ್ಲು ಕತ್ತರಿಸತಕ್ಕದ್ದು ಎಂದು ಕರಾರಿನಲ್ಲೇ ಬರೆದರು. ಬಿಳಿಯರಲ್ಲದವರು ಆ ಮನೆಗಳಲ್ಲಿ ವಾಸಿಸಕೂಡದು ಎಂಬ ಷರತ್ತನ್ನೂ ಬರೆದರು. ಎಲ್ಲವೂ ಒಂದೇ ಎತ್ತರ, ಒಂದೇ ಬಣ್ಣ ಇರಬೇಕೆಂಬ ಸೌಂದರ್ಯಪ್ರಜ್ಞೆ ಅವರದು. ಅದನ್ನು ಅಂಗಳಕ್ಕಷ್ಟೇ ಸೀಮಿತಗೊಳಿಸುವ ಸಂಕುಚಿತ ಮನೋಭಾವ ಅವರಲ್ಲಿರಲಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಬಣ್ಣಕ್ಕೆ ಮರುಳಾಗಬೇಡಿ, ಬಾನೆಟ್ ಎತ್ತಿ ನೋಡಿ ಎನ್ನುತ್ತಾರೆ ಮೆಕ್ಯಾನಿಕ್‌ಗಳು. ಹಸಿರು, ಹಳದಿ, ಕೆಂಪು, ಕಿತ್ತಳೆ ಯಾವುದನ್ನೇ ತೆಗೆದರೂ ಒಳಗೆ ಬ್ರಿಗ್ಸ್ ಆಂಡ್ ಸ್ಟ್ರಾಟನ್, ಕೋಹ್ಲರ್, ಕಾವಾಸಾಕಿ ಇವುಗಳಲ್ಲೊಂದು ಎಂಜಿನ್ ಇರುವ ಸಂಭವವೇ ಹೆಚ್ಚು. ಕಬ್ ಕೆಡೆಟ್, ಟ್ರಾಯ್-ಬಿಲ್ಟ್ ಎಂಬ ಬೇರೆ ಬೇರೆ ಹೆಸರಿನವೂ ಎಂಟಿಡಿ ಎಂಬ ಒಂದೇ ತಾಯಿಯ ಮಕ್ಕಳಾಗಿದ್ದವು. ಆದರೆ ಮೆಕ್ಯಾನಿಕ್‌ಗೆ ಸಂಸಾರದ ಸೂಕ್ಷ್ಮ ತಿಳಿಯದು. ಪಕ್ಕದ ಮನೆಯವರು ಬಾನೆಟ್ ಎತ್ತಿ ನೋಡುವುದಿಲ್ಲ, ಬಣ್ಣವನ್ನೇ ನೋಡುತ್ತಾರೆ.

ಅಗ್ಗದ ಮಾದರಿಗಳ ಗುಣಗಳನ್ನು ಒಂದೊಂದಾಗಿ ಹೇಳಲೇಬೇಕು. ಎಂಜಿನ್ನಿಗೆ ಒಂದೇ ಸಿಲಿಂಡರ್ ಇದ್ದರೆ ಸೀಟು ಚೆನ್ನಾಗಿ ನಡುಗುತ್ತದೆ. ಹೆಚ್ಚು ದುಡ್ಡು ಕೊಟ್ಟು ಎರಡು ಸಿಲಿಂಡರಿನದು ಕೊಂಡವರು ಈ ಪುಕ್ಕಟೆ ಅಂಗಮರ್ದನವನ್ನು ಕಳೆದುಕೊಳ್ಳುತ್ತಾರೆ. ಬ್ಲೇಡುಗಳನ್ನು ಮುಚ್ಚಿರುವ ಡೆಕ್ಕಿನ ತಗಡಿನ ದಪ್ಪವನ್ನು ಗೇಜಿನಲ್ಲಿ ಅಳೆಯುತ್ತಾರೆ. ಇಲ್ಲಿ ಸಂಖ್ಯೆ ದೊಡ್ಡದಾದಷ್ಟೂ ತಗಡು ತೆಳು. ಬಡಿದರೆ ಬಗ್ಗದ ಗಟ್ಟಿ ಡೆಕ್ಕಿಗೆ 10 ಗೇಜ್ ಎಂದು ಚಿಕ್ಕ ಅಂಕಿ, ಅಚ್ಚೊತ್ತಿದ ತೆಳು ಡೆಕ್ಕಿಗೆ 13 ಎಂದು ದೊಡ್ಡ ಅಂಕಿ. ಕಡಿಮೆ ದುಡ್ಡು ಕೊಟ್ಟವರಿಗೂ ಏನಾದರೊಂದು ಹೆಚ್ಚು ಸಿಗಲಿ ಎಂಬ ಸಮತಾಭಾವ ಇದರಲ್ಲಿ ಕಾಣುತ್ತದೆ.

ಇನ್ನು ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್. ಗೇರು ಬದಲಿಸುವ ತಾಪತ್ರಯವಿಲ್ಲ, ಪೆಡಲ್ ಒತ್ತಿದಷ್ಟು ಓಟ. ಅಗ್ಗದ ಮಾದರಿಗಳಲ್ಲಿ ಇದನ್ನು ಸಾಮಾನ್ಯವಾಗಿ ಮುಚ್ಚಿದ ಪೆಟ್ಟಿಗೆಯಾಗಿ ಕೊಡುತ್ತಾರೆ, ಒಳಗಿನ ಎಣ್ಣೆ ಬದಲಿಸಲು ದಾರಿಯಿರುವುದಿಲ್ಲ. ದಿಬ್ಬದ ಮೇಲೆ ವರ್ಷಗಟ್ಟಲೆ ಓಡಿಸಿದರೆ ಎಣ್ಣೆ ಕಾದು ಕಸುವು ಕಳೆದುಕೊಂಡು, ಗಾಡಿ ಏರು ಹತ್ತಲಾರೆ ಎನ್ನುತ್ತದೆ. ಸರ್ವಿಸ್ ಬೇಕಿಲ್ಲದ ಭಾಗ ಎಂದು ಮಾರುವವರು ಹೊಗಳುವುದರಲ್ಲಿ ಸುಳ್ಳೇನೂ ಇಲ್ಲ. ಮಾಡಲು ಬಾರದ ಸರ್ವಿಸನ್ನು ಯಾರು ತಾನೇ ಮಾಡಬೇಕು? ಅಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡ 10ರಷ್ಟು ಎಥನಾಲ್ ಇರುವುದರಿಂದ, ಚಳಿಗಾಲಕ್ಕೆ ಟ್ಯಾಂಕು ಬರಿದು ಮಾಡದೆ ನಿಲ್ಲಿಸಿದವರ ಕಾರ್ಬುರೇಟರ್ ವಸಂತದ ಹೊತ್ತಿಗೆ ಅಂಟು ಕಟ್ಟಿರುತ್ತದೆ. ಎಂಟು ಹತ್ತು ವರ್ಷ ಹಳೆಯ, ಎಣ್ಣೆ-ಬೆಲ್ಟು ನೋಡಿಕೊಂಡ ಗಟ್ಟಿ ಗಾಡಿಯನ್ನು ಊರಿನ ರಿಪೇರಿ ಅಂಗಡಿಯಲ್ಲಿ ಕೊಳ್ಳುವುದು ಹೊಸ ಅಗ್ಗದ್ದಕ್ಕಿಂತ ಮೇಲು ಎಂಬ ಮಾತೂ ಇದೆ. ಅದು ನಿಜವಾದ್ದರಿಂದ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಆದರೆ ಎಲ್ಲ ಬೆಲೆಯ ಮಾದರಿಗಳಲ್ಲೂ ತಪ್ಪದೆ ಸಿಗುವ ಸೌಕರ್ಯವೆಂದರೆ ಸೀಟಿನಡಿಯ ಸ್ವಿಚ್. ಬ್ಲೇಡ್ ತಿರುಗುತ್ತಿರುವಾಗ ಸೀಟಿನಿಂದ ಎದ್ದರೆ ಎಂಜಿನ್ ಅಲ್ಲೇ ನಿಲ್ಲುತ್ತದೆ. ಕೈಕಾಲು ಉಳಿಸಲು ಇದನ್ನು ಇಟ್ಟಿದ್ದಾರೆಂಬುದು ತಾಂತ್ರಿಕ ವಿವರಣೆ. ಮನೆಯೊಳಗೆ ಎದ್ದು ಹೋದರೂ ಕೂತಿದ್ದರೂ ಯಾರೂ ತಲೆಯೆತ್ತಿ ನೋಡದ ಯಜಮಾನನ ಇರವನ್ನು ಇಷ್ಟು ಗಂಭೀರವಾಗಿ ಪರಿಗಣಿಸುವ ವಸ್ತು ಆ ಮನೆಯಲ್ಲಿ ಇನ್ನೊಂದಿಲ್ಲ.

ಈ ಯಂತ್ರ ನಂಬಿಕೆಗೆ ಅರ್ಹವೇ ಎಂಬ ಅನುಮಾನ ಉಳಿದಿದ್ದರೆ ಇತಿಹಾಸ ನೋಡೋಣ. 1994ರಲ್ಲಿ ಅಯೋವಾ ರಾಜ್ಯದ ಲಾರೆನ್ಸ್ ಎಂಬ ಪುಟ್ಟ ಊರಿನ ಆಲ್ವಿನ್ ಸ್ಟ್ರೇಟ್ ಎಂಬ 73 ವರ್ಷದ ಮುದುಕ, ಪಾರ್ಶ್ವವಾಯು ಬಡಿದ ಅಣ್ಣನನ್ನು ನೋಡಲು ವಿಸ್ಕಾನ್ಸಿನ್‌ಗೆ ಹೊರಟ. ಕಣ್ಣು ಮಂದವಾಗಿ ಕಾರಿನ ಲೈಸೆನ್ಸ್ ಇರಲಿಲ್ಲ. 1966ರ ಜಾನ್ ಡಿಯರ್ ಮೋವರಿಗೆ ಟ್ರೇಲರ್ ಕಟ್ಟಿಕೊಂಡು, ಗಂಟೆಗೆ ಐದು ಮೈಲಿಯಂತೆ 240 ಮೈಲಿಯನ್ನು ಆರು ವಾರಗಳಲ್ಲಿ ಕ್ರಮಿಸಿದ. ದಾರಿಯಲ್ಲಿ ಕೆಟ್ಟಿತು, ರಿಪೇರಿಯಾಯಿತು, ತಲುಪಿಸಿತು. ಡೇವಿಡ್ ಲಿಂಚ್ 1999ರಲ್ಲಿ ಅದನ್ನೇ 'ದಿ ಸ್ಟ್ರೇಟ್ ಸ್ಟೋರಿ' ಎಂಬ ಸಿನಿಮಾ ಮಾಡಿದ. ಹಳ್ಳಿಗಾಡಿನ ಹಾಡುಗಳಿಗೆ ಹೆಸರಾದ ಗಾಯಕ ಜಾರ್ಜ್ ಜೋನ್ಸ್ ಕುಡಿತಕ್ಕೂ ಹೆಸರಾಗಿದ್ದ. ಹೆಂಡತಿ ಮನೆಯ ಕಾರುಗಳ ಕೀಲಿಗಳನ್ನೆಲ್ಲ ಬಚ್ಚಿಟ್ಟಾಗ, ಕೀಲಿ ಬಿಟ್ಟಿದ್ದ ಮೋವರನ್ನೇರಿ ಎಂಟು ಮೈಲಿ ದೂರದ ಹೆಂಡದಂಗಡಿಗೆ ಸವಾರಿ ಹೋದದ್ದನ್ನು ಆತನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಇಂಗ್ಲೆಂಡಿನ ವಿಸ್ಬರೋ ಗ್ರೀನ್ ಹಳ್ಳಿಯ ಕ್ರಿಕೆಟರ್ಸ್ ಆರ್ಮ್ಸ್ ಎಂಬ ಪಬ್ಬಿನಲ್ಲಿ 1973ರಲ್ಲಿ ಕೂತವರು, ಕಾರ್ ರೇಸಿಗೆ ದುಡ್ಡು ಸುರಿಯಲಾರದವರಿಗೆಂದು ಮೋವರ್ ರೇಸ್ ಹುಟ್ಟುಹಾಕಿದರು. ಬಹುಮಾನದ ಹಣವಿಲ್ಲ. ಫಾರ್ಮುಲಾ ಒನ್ ವೀರ ಸ್ಟರ್ಲಿಂಗ್ ಮಾಸ್ ಕೂಡ ಅಲ್ಲಿ ಸ್ಪರ್ಧಿಸಿದ. ಓಟಕ್ಕೆ ಮುಂಚೆ ಬ್ಲೇಡುಗಳನ್ನು ಕಳಚಿಡುವುದು ಅಲ್ಲಿನ ನಿಯಮ.

ಅಣ್ಣತಮ್ಮಂದಿರನ್ನು ಒಂದು ಮಾಡಿದ, ಹೆಂಡದಂಗಡಿಗೆ ಗಿರಾಕಿ ತಲುಪಿಸಿದ, ಬಡವರಿಗೆ ಮೋಟಾರ್ ರೇಸ್ ಕೊಟ್ಟ ಈ ಯಂತ್ರದ ಮೂರು ಮಹಾಸಾಧನೆಗಳಲ್ಲೂ ಒಂದು ಎಸಳು ಹುಲ್ಲು ಕತ್ತರಿಸಿಲ್ಲ. ನಿಜವಾದ ಪ್ರತಿಭೆಗೆ ನೇಮಕವಾದ ಕೆಲಸ ಯಾವತ್ತೂ ಚಿಕ್ಕದೇ.

ಇದಕ್ಕೆ ಎದುರಾಳಿಗಳು ಇಲ್ಲದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಶ್ವೇತಭವನದ ಅಂಗಳಕ್ಕೆ ಕುರಿ ಹಿಂಡು ಬಿಟ್ಟ. ಅವು ಹುಲ್ಲು ಮೇಯ್ದವು, ಗೊಬ್ಬರ ಹಾಕಿದವು. ಉಣ್ಣೆಯನ್ನು ಹರಾಜು ಹಾಕಿ ರೆಡ್ ಕ್ರಾಸ್‌ಗೆ ಐವತ್ತು ಸಾವಿರ ಡಾಲರ್ ಮಿಕ್ಕಿ ಹಣ ಕೂಡಿಸಿದರು. 2009ರಲ್ಲಿ ಗೂಗಲ್ ಕಂಪನಿ ಕ್ಯಾಲಿಫೋರ್ನಿಯಾದ ತನ್ನ ಆವರಣಕ್ಕೆ ಸುಮಾರು 200 ಆಡುಗಳನ್ನು ಬಾಡಿಗೆಗೆ ತರಿಸಿತು. ಕುರಿಗೆ ಬೆಲ್ಟು ಹರಿಯುವುದಿಲ್ಲ, ಕಾರ್ಬುರೇಟರ್ ಕಟ್ಟುವುದಿಲ್ಲ, ಹಳೆಯದಾದರೆ ಹೊಸದನ್ನು ತಾನೇ ಹಾಕುತ್ತದೆ. ಆದರೂ ಅದಕ್ಕೆ ಕಪ್ ಹೋಲ್ಡರ್ ಇಲ್ಲ. ಅದಕ್ಕಿಂತ ದೊಡ್ಡ ದೋಷವನ್ನು ಥಾರ್ಸ್ಟೀನ್ ವೆಬ್ಲೆನ್ ಎಂಬ ಅರ್ಥಶಾಸ್ತ್ರಜ್ಞ 1899ರಲ್ಲೇ ಗುರುತಿಸಿದ್ದ. ಹುಲ್ಲುಹಾಸಿಗೆ ತಕ್ಕ ಪ್ರಾಣಿ ಹಸುವೇ, ಆದರೆ ಹಸು ಅಂದರೆ ಮಿತವ್ಯಯ, ಉಪಯೋಗ ಎಂಬ ವಾಸನೆ ಹೊಡೆಯುವುದರಿಂದ ಉಳ್ಳವರು ಅದನ್ನು ಅಂಗಳಕ್ಕೆ ಸೇರಿಸುವುದಿಲ್ಲ ಎಂದು ಆತ ಬರೆದ. ವೆಬ್ಲೆನ್ನನನ್ನು ಓದದೆಯೂ ಅದೇ ಹಸುವಿನ ಪ್ರಶ್ನೆಗೆ ಬಂದು ನಿಲ್ಲುವವರು ಅಮೆರಿಕದಲ್ಲಿರುವ ಮಗನ ಮನೆಗೆಂದು ಆರು ತಿಂಗಳಿಗೆ ಬಂದ ನಮ್ಮ ಹಾಸನ, ಮಂಡ್ಯ ಕಡೆಯ ಅಪ್ಪಂದಿರು.

"ಇಷ್ಟು ಮೇವು ಬೆಳೆದಿದೀಯಲ್ಲ ಮಗಾ, ದನ ಎಲ್ಲಿ ಕಟ್ಟಿದೀಯ?"

"ದನ ಇಲ್ಲಪ್ಪಾ. ಇದು ಚೆಂದಕ್ಕೆ."

"ಮತ್ತೆ ಕುಯ್ಯೋದು ಯಾತಕ್ಕೆ?"

"ಕುಯ್ದರೇನೇ ಚೆಂದ ಅಪ್ಪಾ."

ಅಪ್ಪ ಸುಮ್ಮನಾಗುತ್ತಾರೆ. ಟೆಕ್ಸಸ್, ಜಾರ್ಜಿಯಾ ಕಡೆಯಾದರೆ ಮರುದಿನ ಬೆಳಿಗ್ಗೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಇನ್ನೊಂದು ಸಂಗತಿ ಪತ್ತೆ ಮಾಡುತ್ತಾರೆ. ಆ ಕಡೆಯ ಅಂಗಳಗಳಲ್ಲಿ ಬರ್ಮುಡಾ ಎಂಬ ಹೆಸರಿನಿಂದ ಮೆರೆಯುವ ಹುಲ್ಲು ನಮ್ಮ ಗದ್ದೆ ಬದುವಿನ ಗರಿಕೆಯೇ. ಊರಿನಲ್ಲಿ ಜೀವಮಾನವಿಡೀ ಕಿತ್ತರೂ ಹೋಗದ ಅದನ್ನು ಮಗ ದುಡ್ಡು ಕೊಟ್ಟು ಹಾಸಿಸಿಕೊಂಡು, ಗೊಬ್ಬರ ಹಾಕಿ ಬೆಳೆಸಿ, ಇಪ್ಪತ್ತು ಅಶ್ವಶಕ್ತಿಯ ವಾಹನವೇರಿ ಸವರುತ್ತಿದ್ದಾನೆ. ಗಣೇಶ ಚತುರ್ಥಿ ಬಂದಾಗ ಅಂಗಳದ್ದು ಪೂಜೆಗೆ ಬರುವುದಿಲ್ಲ, ಅದಕ್ಕೆ ಕಳೆನಾಶಕ ಹೊಡೆದಿದೆ. ಇಪ್ಪತ್ತೊಂದು ಗರಿಕೆಗಾಗಿ ಸೊಸೆ ಕಾರು ತೆಗೆದುಕೊಂಡು ಇಂಡಿಯನ್ ಗ್ರೋಸರಿ ಅಂಗಡಿಗೆ ಹೋಗುತ್ತಾಳೆ. ಅರ್ಧ ಎಕರೆ ಗರಿಕೆಯ ಒಡೆಯನೊಬ್ಬ ಪ್ಲಾಸ್ಟಿಕ್ ಪೊಟ್ಟಣದ ಗರಿಕೆಯನ್ನು ವಿಘ್ನೇಶ್ವರನಿಗೆ ಅರ್ಪಿಸುವಾಗ, ಮೋವರ್ ಸದ್ಯಕ್ಕೆ ಕೆಡದಿರಲಿ ಎಂದೂ ಬೇಡಿಕೊಳ್ಳುತ್ತಾನೆ.

ಇದಕ್ಕೆಲ್ಲ ಅಂತ್ಯ ಕಾಣಿಸಬೇಕೆಂಬ ಹುನ್ನಾರ ಈಚೆಗೆ ನೆವಾಡಾದಲ್ಲಿ ಶುರುವಾಗಿದೆ. ಕೊಲರಾಡೋ ನದಿ ಬತ್ತುತ್ತಿರುವ ನೆಪ ಹೇಳಿ, ಲಾಸ್ ವೇಗಸ್ ಸೀಮೆಯ ರಸ್ತೆ ಬದಿ, ಕಚೇರಿ ಅಂಗಳಗಳಲ್ಲಿ ಯಾರೂ ಕಾಲಿಡದ ಅಲಂಕಾರದ ಹುಲ್ಲನ್ನೆಲ್ಲ ಕಿತ್ತುಹಾಕಬೇಕೆಂದು 2021ರಲ್ಲಿ ಕಾನೂನನ್ನೇ ಮಾಡಿದರು. ಮನೆಯವರಿಗೆ ಒತ್ತಾಯವಿಲ್ಲ, ಆಮಿಷವಿದೆ. ಹುಲ್ಲು ಕಿತ್ತು ಬರಗಾಲ ತಾಳುವ ಗಿಡ ನೆಟ್ಟರೆ ಅಲ್ಲಿನ ಜಲ ಪ್ರಾಧಿಕಾರ ಚದರಡಿಗೆ ಇಷ್ಟು ಡಾಲರ್ ಎಂದು ಎಣಿಸಿ ಕೊಡುತ್ತದೆ. ಬಿತ್ತಿದಾಗ, ಬೆಳೆದಾಗ, ಕೊಯ್ದಾಗ ಒಂದು ಕಾಸೂ ಹುಟ್ಟದ ಈ ಬೆಳೆಗೆ ಬುಡಸಮೇತ ಕಿತ್ತಾಗ ಮಾತ್ರ ಬೆಲೆ ಬಂದಿದೆ. ಅಗ್ಗದ ಮೋವರ್ ಹುಡುಕುತ್ತಿರುವವರು ಎದೆಗುಂದಬೇಕಾಗಿಲ್ಲ. ಆ ಹಣದಲ್ಲಿ ಮೋವರಿನ ಬಾಕಿ ಕಂತುಗಳನ್ನು ತೀರಿಸಬಹುದು.