ಮೂರು ರಾತ್ರಿ, ನಾಲ್ಕು ಹಗಲು

ಬೇಸಿಗೆ ರಜೆ ಬಂತೆಂದರೆ ತಮಿಳುನಾಡಿನ ಗಡಿಯೊಳಗಿರುವ ನಮ್ಮ ಜವಳಗಿರಿಯಂಥ ಕಾಡಂಚಿನ ಊರಿಗೂ ಈಗ ಒಂದು ಹೊಸ ಚಿಂತೆ: ದೊಡ್ಡ ಪಟ್ಟಣ ನೋಡಿಬರುವುದೋ, ಸಣ್ಣ ದ್ವೀಪಕ್ಕೆ ಹೋಗಿ ಕೂರುವುದೋ? ಹೊಲದ ರಾಗಿ ನಮಗೋ ಆನೆಗೋ ಎಂಬ ಹಳೇ ಚಿಂತೆ ಇನ್ನೂ ಬಗೆಹರಿದಿಲ್ಲ, ನಿಜ. ಆದರೆ ಅದಕ್ಕೆ ಬಣ್ಣದ ಕರಪತ್ರ ಇಲ್ಲ, ಇದಕ್ಕೆ ಇದೆ. ಒಂದು ಮಗ್ಗುಲಲ್ಲಿ ಸಿಂಗಪುರದ ಮುಗಿಲು ಮುಟ್ಟುವ ಕಟ್ಟಡಗಳು, ಇನ್ನೊಂದು ಮಗ್ಗುಲಲ್ಲಿ ಮಾಲ್ಡೀವ್ಸಿನ ನೀಲಿ ನೀರು, ತೆಂಗಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗಿದ ಯಾರೋ ಬಿಳಿಯ ದಂಪತಿ. ಕೆಳಗೆ ದಪ್ಪಕ್ಷರದಲ್ಲಿ: ಮೂರು ರಾತ್ರಿ, ನಾಲ್ಕು ಹಗಲು, ಕಂತಿನ ಸೌಲಭ್ಯ ಉಂಟು. ನಾಲ್ಕು ದಿನ ಮಲಗಿದ್ದಕ್ಕೆ ಹನ್ನೆರಡು ತಿಂಗಳು ಎದ್ದು ದುಡಿದು ಕಂತು ಕಟ್ಟುವುದಕ್ಕೆ ವಿಶ್ರಾಂತಿ ಎಂದು ಹೆಸರು.

ಮನೆಮನೆಯಲ್ಲೂ ಇದರ ಮೇಲೆ ಎರಡು ಪಕ್ಷ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿರುವ ಮಗ ದ್ವೀಪದ ಪಕ್ಷ. "ಟ್ರಾಫಿಕ್ಕು, ಮ್ಯಾನೇಜರು, ಸಾಕಾಗೋಗಿದೆ ಕಣವ್ವ. ಯಾರೂ ಇಲ್ದಿರೋ ಕಡೆ ಹೋಗಿ ಸುಮ್ನೆ ಕೂತ್ಕೋಬೇಕು" ಅನ್ನುತ್ತಾನೆ. ಊರಲ್ಲಿರುವ ಅವ್ವ ಪಟ್ಟಣದ ಪಕ್ಷ. "ಯಾರೂ ಇಲ್ದಿರೋ ಕಡೆ ನಾನು ಹುಟ್ದಾಗಿಂದ ಕೂತೇ ಇದೀನಿ. ಕತ್ಲಾದ್ರೆ ಆನೆ ಅಂತ ಬಾಗ್ಲು ಹಾಕ್ಕೊಂಡು ಕೂರೋಳಿಗೆ ನಿನ್ನ ಸಮುದ್ರದ ಸಾಂತಿ ಯಾಕೋ? ಜನ ಕಾಣೋ ಕಡೆ ಕರ್ಕೊಂಡೋಗು" ಅನ್ನುತ್ತಾಳೆ. ನನ್ನ ಓಟು ಅವ್ವನಿಗೆ.

ಆದರೆ ಇಲ್ಲಿ ಆಯ್ಕೆ ಎಂಬುದೇ ಸುಳ್ಳು. ಭೂಪಟ ಬಿಚ್ಚಿ ನೋಡಿ. ನಾವಿರುವುದು ಬೆಂಗಳೂರಿನ ತೆಂಕಣ ದಿಕ್ಕಿಗೆ, ವಿಮಾನ ಹತ್ತಬೇಕಾದ ದೇವನಹಳ್ಳಿ ಬಡಗಣ ದಿಕ್ಕಿಗೆ. ಜವಳಗಿರಿಯವನು ಮಾಲ್ಡೀವ್ಸಿಗೆ ಹೊರಟರೆ ತಳಿ, ಆನೇಕಲ್ಲು, ಚಂದಾಪುರ, ಸಿಲ್ಕ್ ಬೋರ್ಡು, ಹೆಬ್ಬಾಳ, ಅಷ್ಟನ್ನೂ ಹಾಯ್ದೇ ಹೋಗಬೇಕು. ಯಾರೂ ಇಲ್ಲದ ಕಡೆಗೆ ಹೊರಟವನಿಗೆ ಮೊದಲು ಒಂದು ಕೋಟಿಗೂ ಮೀರಿದ ಜನರ ದರ್ಶನ. ದ್ವೀಪದ ಟಿಕೆಟ್ಟು ಕೊಂಡವನಿಗೆ ಮಹಾನಗರ ಪುಕ್ಕಟೆ, ಅದೂ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ನಾಲ್ಕು ಹಗಲಿನಲ್ಲಿ ಎರಡು ಹಗಲು ಹೀಗೆ ಸಿಲ್ಕ್ ಬೋರ್ಡಿಗೆ ಮುಡಿಪು.

ಈ ಕಷ್ಟ ಚೆನ್ನೈಗೂ ಗೊತ್ತಾಗಿದೆ. 2024ರ ಜೂನಿನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಅವರು ಹೊಸೂರಿಗೆ 2000 ಎಕರೆಯಲ್ಲಿ ವಿಮಾನ ನಿಲ್ದಾಣ ಕಟ್ಟುತ್ತೇವೆ, ವರ್ಷಕ್ಕೆ 3 ಕೋಟಿ ಜನ ಹತ್ತಿಳಿಯಬಹುದು ಎಂದು ವಿಧಾನಸಭೆಯಲ್ಲೇ ಹೇಳಿದರು. ಬೆಂಗಳೂರು ವಿಮಾನ ನಿಲ್ದಾಣದವರು ಕೇಂದ್ರ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದ ಪ್ರಕಾರ 2033ರವರೆಗೆ ಸುತ್ತ 150 ಕಿಲೋಮೀಟರಿನೊಳಗೆ ಇನ್ನೊಂದು ಬರುವ ಹಾಗಿಲ್ಲ ಎಂಬುದು ಸಣ್ಣ ತೊಡಕು. ಅಲ್ಲಿಯವರೆಗೆ ರಿಯಲ್ ಎಸ್ಟೇಟಿನವರು ವಿಮಾನ ಹಾರಿಸುತ್ತಿರುತ್ತಾರೆ, ಸೈಟಿನ ಬೋರ್ಡಿನ ಮೇಲೆ. ನಮ್ಮೂರಿನ ಬೇಡಿಕೆ ಇಷ್ಟು ದೊಡ್ಡದಲ್ಲ: ರಾತ್ರಿ ಊರಿಗೆ ಬರುವ ಕೊನೇ ಬಸ್ಸು ಬಂದೇ ಬರುತ್ತದೆ ಅನ್ನುವ ಒಂದು ಭರವಸೆ. ಅದಕ್ಕೆ ಯಾವ ಒಪ್ಪಂದದ ಅಡ್ಡಿಯೂ ಇಲ್ಲ. ಅದಕ್ಕೇ ಅದು ಸುದ್ದಿಯಲ್ಲ.

ಪಟ್ಟಣವೋ ದ್ವೀಪವೋ ಎಂದು ನಮ್ಮ ಹಿರಿಯರು ತಲೆ ಕೆಡಿಸಿಕೊಂಡವರಲ್ಲ. ಒಂದು ಕಾಶಿ, ಒಂದು ರಾಮೇಶ್ವರ. ಒಂದು ಇಕ್ಕಟ್ಟು ಗಲ್ಲಿಗಳ ಪಟ್ಟಣ, ಇನ್ನೊಂದು ಪಾಂಬನ್ ಸೇತುವೆಯಾಚೆಯ ದ್ವೀಪ. ರಾಮೇಶ್ವರದ ಮರಳು ಒಯ್ದು ಗಂಗೆಗೆ ಬಿಡಬೇಕು, ಗಂಗೆಯ ನೀರು ತಂದು ರಾಮನಾಥಸ್ವಾಮಿಗೆ ಎರೆಯಬೇಕು, ಆಗಲೇ ಯಾತ್ರೆ ಪೂರ್ತಿ. ಎರಡರಲ್ಲಿ ಒಂದು ಆರಿಸಿಕೋ ಎಂದು ಕೇಳಿದ್ದರೆ ಅಜ್ಜಿ ಕೇಳಿದವನ ಬುದ್ಧಿಯನ್ನೇ ಅನುಮಾನಿಸುತ್ತಿದ್ದಳು. ಆದಿರಂಗ, ಮಧ್ಯರಂಗ, ಅಂತ್ಯರಂಗ ಅಂತ ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗ ಮೂರನ್ನೂ ಸುತ್ತಿದವರು ಮೂರು ದ್ವೀಪ ನೋಡಿಬಂದವರೇ, ಮೂರೂ ಕಾವೇರಿಯ ನಡುಗಡ್ಡೆಗಳು. ಬುತ್ತಿಗಂಟು, ಚೆಂಬು, ಒಂದು ಮಡಿಸೀರೆ, ಇಷ್ಟರಲ್ಲಿ ಮುಗಿಯುತ್ತಿತ್ತು. ಜೋಲಿ ಇರಲಿಲ್ಲ. ರಾಮೇಶ್ವರದ 22 ತೀರ್ಥದ ನೀರು ಒಂದಾದಮೇಲೊಂದು ತಲೆಗೆ ಬಿದ್ದಮೇಲೆ ಯಾರಿಗೂ ಜೋಲಿ ಬೇಕಾಗುವುದೂ ಇಲ್ಲ, ನಿಂತಲ್ಲೇ ನಿದ್ದೆ. ಕಾಶಿಗೆ ಹೋದವನೂ ಕಾಡಿಗೆ ಹೋದವನೂ ಒಂದೇ ಅಂತ ಗಾದೆ. ಆ ಲೆಕ್ಕದಲ್ಲಿ ಕಾಡಲ್ಲೇ ಹುಟ್ಟಿದ ನಮಗೆ ಅರ್ಧ ಯಾತ್ರೆ ಉಚಿತವಾಗಿ ಆಗಿಹೋಗಿದೆ.

ಇನ್ನು ಈಗಿನವರ ಸಮುದ್ರದ ದ್ವೀಪಗಳ ಕತೆ. 2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪದ ಮರಳಿನ ಮೇಲೆ ನಡೆದ ಫೋಟೋ ಬಂದದ್ದೇ, ಮಾಲ್ಡೀವ್ಸಿನ ಉಪಮಂತ್ರಿಗಳು ನಾಲಗೆ ಹರಿಬಿಟ್ಟದ್ದೇ, ದೇಶಕ್ಕೆ ದೇಶವೇ ಮಾಲ್ಡೀವ್ಸನ್ನು ಬಹಿಷ್ಕರಿಸಿತು. ಮಾಲ್ಡೀವ್ಸು ಯಾವ ದಿಕ್ಕಿಗಿದೆ ಎಂದು ಅದುವರೆಗೆ ಗೊತ್ತಿಲ್ಲದ ಡೆಂಕಣಿಕೋಟೆ ತಾಲ್ಲೂಕಿನ ದೇಶಭಕ್ತರೂ ಹೋಗದ ಟಿಕೆಟ್ಟನ್ನು ರದ್ದು ಮಾಡಿದರು. ಎಲ್ಲರೂ ಲಕ್ಷದ್ವೀಪಕ್ಕೆ ಹೊರಡಲು ಸಿದ್ಧ. ಆಮೇಲೆ ತಿಳಿಯಿತು: ಅಲ್ಲಿಗೆ ಕಾಲಿಡಲು ಪರ್ಮಿಟ್ಟು ಬೇಕು, ಇರುವ 36 ದ್ವೀಪಗಳಲ್ಲಿ ಜನವಸತಿ ಇರುವುದು 10ರಲ್ಲಿ, ಎಲ್ಲ ಸೇರಿಸಿದರೂ ನೆಲ 32 ಚದರ ಕಿಲೋಮೀಟರು. ನಮ್ಮ ಬೆನ್ನಿಗಿರುವ ಕಾವೇರಿ ಉತ್ತರ ವನ್ಯಧಾಮವೇ 504 ಚದರ ಕಿಲೋಮೀಟರು. ಇಷ್ಟಾದರೂ ಉತ್ಸಾಹ ಕುಂದಿರಲಿಲ್ಲ. ಬಂಗಾರಂ ದ್ವೀಪ ಬಿಟ್ಟರೆ ಬೇರೆಲ್ಲ ಕಡೆ ಪಾನನಿಷೇಧ ಎಂಬ ಸುದ್ದಿ ಬಂದ ದಿನ ದೇಶಭಕ್ತಿ ಗೋವಾ ಕಡೆ ತಿರುಗಿತು.

ಒಂದು ತಮಾಷೆ ಅಂದರೆ, ದ್ವೀಪದಲ್ಲಿ ಹುಟ್ಟಿದವರು ಅಲ್ಲಿ ಜೋಲಿ ಕಟ್ಟಿಕೊಂಡು ಮಲಗಿಲ್ಲ. ಮುಂಬಯಿಯ ಏಳು ದ್ವೀಪಗಳನ್ನು ಮಣ್ಣು ತುಂಬಿ ತುಂಬಿ ಮಹಾನಗರ ಮಾಡಿದರು. ಮಾಲ್ಡೀವ್ಸಿನ ರಾಜಧಾನಿ ಮಾಲೆ ಪ್ರಪಂಚದಲ್ಲೇ ಅತಿ ಇಕ್ಕಟ್ಟಿನ ಪಟ್ಟಣಗಳಲ್ಲೊಂದು. ಲಕ್ಷದ್ವೀಪದವರಿಗೆ ದೊಡ್ಡ ಕಾಯಿಲೆ ಬಂದರೆ ಕೊಚ್ಚಿಗೇ ಹೋಗಬೇಕು.

ನಮ್ಮ ಪಾಡೂ ಹೆಚ್ಚೂಕಡಿಮೆ ಅದೇ. ಜವಳಗಿರಿಯವರ ಮಹಾನಗರ ಪ್ರವಾಸದ, ಅಂದರೆ ಬೆಂಗಳೂರಿನ ಆಸ್ಪತ್ರೆಗಳ, ಪಟ್ಟಿ ಬೇಕಾದರೆ ಕೊಡುತ್ತೇನೆ: ಎದೆನೋವಾದರೆ ಜಯದೇವ, ಗಡ್ಡೆಯಾದರೆ ಕಿದ್ವಾಯಿ, ತಲೆಗೆ ಪೆಟ್ಟಾದರೆ ನಿಮ್ಹಾನ್ಸ್. ಮೂರು ರಾತ್ರಿ ನಾಲ್ಕು ಹಗಲು ಇದಕ್ಕೂ ಹಿಡಿಯುತ್ತದೆ, ಚಾಪೆ ನಾವೇ ಒಯ್ಯಬೇಕು. ಚೀಟಿ ಬರೆಯುವಲ್ಲಿ ಕನ್ನಡದಲ್ಲೇ ಮಾತಾಡುತ್ತೇವೆ. ಕಾರ್ಡು ತೆಗೆದರೆ ತಮಿಳುನಾಡು. ಬಸ್ಸಿನಲ್ಲೂ ಇದೇ ಆಟ. ಗಡಿಯ ಈಚೆ ಸಾದಾ ಟೌನ್ ಬಸ್ಸಿನಲ್ಲಿ ನಮ್ಮ ಹೆಂಗಸರಿಗೆ 2021ರಿಂದ ಟಿಕೆಟ್ಟಿಲ್ಲ, ಆಚೆ 2023ರಿಂದ ಶಕ್ತಿ ಯೋಜನೆ. ಆದರೆ ಶಕ್ತಿಗೆ ಕರ್ನಾಟಕದ ವಿಳಾಸ ಬೇಕು. ಆನೇಕಲ್ಲಿನ ಅಕ್ಕನ ಜೊತೆ ಒಂದೇ ಸೀಟಿನಲ್ಲಿ ಕೂತ ಜವಳಗಿರಿಯ ತಂಗಿ ದುಡ್ಡು ಕೊಟ್ಟು ಟಿಕೆಟ್ಟು ತಗೋಬೇಕು. ಪ್ರವಾಸ ಎಂದರೆ ಊರು ಬಿಟ್ಟು ಊರಿಗೆ ಹೋಗುವುದೇ ಆದರೆ ನಾವು ಕೂತಲ್ಲೇ ಮಾಡಿದವರು: ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. ಜಗಲಿಯಿಂದ ಎದ್ದೇ ಇಲ್ಲ.

ಈ ನಡುವೆ ಬೆಂಗಳೂರಿನವರು ತಮ್ಮ ದ್ವೀಪ ಕಂಡುಕೊಂಡಿದ್ದಾರೆ. ನಾವೇ ಅದು. ತಳಿಯನ್ನು ಬ್ರಿಟಿಷರು ಪುಟ್ಟ ಇಂಗ್ಲೆಂಡು ಅಂದರಂತೆ, ಅದನ್ನು ಹಿಡಿದುಕೊಂಡು ಶನಿವಾರ ಬೆಳಗ್ಗೆ ಕಾರುಗಳು ಸಾಲಾಗಿ ಬರುತ್ತವೆ. ಮೊನ್ನೆ ಒಂದು ಟೆಂಪೋ ಟ್ರಾವೆಲರು ಟೀ ಅಂಗಡಿ ಮುಂದೆ ನಿಂತಿತು. ಚಡ್ಡಿ, ಟೋಪಿ, ಕಪ್ಪು ಕನ್ನಡಕದ ಏಳೆಂಟು ಮಂದಿ ಇಳಿದರು. ಒಬ್ಬ ಫೋನನ್ನು ಆಕಾಶಕ್ಕೆತ್ತಿ ಸಿಗ್ನಲ್ಲು ಹುಡುಕಿದ. ಇನ್ನೊಬ್ಬಳು ನೆಟ್‌ವರ್ಕೇ ಇಲ್ಲ, ಎಷ್ಟು ಚೆನ್ನ ಅಂದಳು. ಎರಡು ನಿಮಿಷಕ್ಕೆ ಅವಳೂ ಫೋನೆತ್ತಿದಳು. ಮೂರನೆಯವನು ಬೆಂಚಿನ ಮೇಲಿದ್ದ ಮುದುಕಪ್ಪನನ್ನು ಕೇಳಿದ, "ತಾತಾ, ಇಲ್ಲಿ ನೋಡೋಕೆ ಏನಿದೆ?" ತಾತ ಬೀಡಿ ಬಾಯಿಂದ ತೆಗೆದು ಅವರನ್ನು ಟೋಪಿಯಿಂದ ಚಪ್ಪಲಿವರೆಗೆ ನೋಡಿ ಅಂದ: "ವಾರವೆಲ್ಲ ಏನೂ ಇರಾಕಿಲ್ಲ ಸಾಮಿ. ಸನಿವಾರ ನೀವ್ ಬತ್ತೀರಲ್ಲ."

ಬರಬೇಡಿ ಅನ್ನುತ್ತಿಲ್ಲ. ಖಂಡಿತ ಬನ್ನಿ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡೂ ಬರುತ್ತದೆ. ಅದು ಮೂರು ರಾತ್ರಿಗೆ ಬರುವುದಲ್ಲ, ತಿಂಗಳುಗಟ್ಟಲೆ ಇರುತ್ತದೆ, ಬಾಟಲಿಯನ್ನಂತೂ ಬಿಸಾಡುವುದಿಲ್ಲ. ಅದು ದಾರಿಗಡ್ಡ ನಿಂತರೆ ಹಾರ್ನು ಮಾಡಬೇಡಿ, ಇಳಿದು ಸೆಲ್ಫಿಗೆ ಹೋಗಬೇಡಿ. ಅದಕ್ಕೆ ನಿಮ್ಮ ರಜೆ ಭಾನುವಾರಕ್ಕೆ ಮುಗಿಯುವುದು ಗೊತ್ತಿಲ್ಲ. ಸಂಜೆ ಬೆಂಗಳೂರಿಗೆ ತಿರುಗುವಾಗ ಗಾಡಿಯಲ್ಲಿ ಸೀಟು ಖಾಲಿ ಇದ್ದರೆ ಬಸ್ ನಿಲ್ದಾಣದ ಹತ್ತಿರ ಒಂದು ಗಳಿಗೆ ನಿಲ್ಲಿಸಿ. ಕೈಯಲ್ಲಿ ಎಕ್ಸ್‌ರೇ ಕವರು ಹಿಡಿದು ಕೊನೇ ಬಸ್ಸಿಗೆ ಕಾಯುತ್ತಿರುವವರು ಯಾರಾದರೂ ಇದ್ದೇ ಇರುತ್ತಾರೆ, ಅವರನ್ನು ಆಸ್ಪತ್ರೆ ಬಾಗಿಲಿಗೆ ಬಿಟ್ಟುಹೋಗಿ.