ಕುದುರೆ ಎಲ್ಲಿ, ದೊಡ್ಡಪ್ಪಾ?

ಕುದುರೆಮುಖ ಹತ್ತೋಣ ಎಂದು ಎಲ್ಲರನ್ನೂ ಹೊರಡಿಸಿದ್ದು ಭಾವ. ಅಕ್ಕನ ಇಬ್ಬರು, ತಮ್ಮನ ಒಬ್ಬಳು, ನಮ್ಮನೆಯದೊಂದು, ಹೀಗೆ ನಾಲ್ಕು ಮರಿಗಳ ಸೈನ್ಯ. ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿಬರಲು ಸುಮಾರು 20 ಕಿಲೋಮೀಟರ್ ಎಂಬುದನ್ನು ಭಾವ ಮಕ್ಕಳಿಗೆ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ.

ಮೊದಲ ತೊರೆ ದಾಟುವಾಗಲೇ "ಇನ್ನೆಷ್ಟು ದೂರ?" ಶುರುವಾಯಿತು. ಆಮೇಲೆ ಇಂಬಳಗಳು ಬಂದವು. ಇಂಬಳ ಬಲು ಸಭ್ಯ ಜೀವಿ: ನೋವು ತಿಳಿಯದಂತೆ ಕಚ್ಚುತ್ತದೆ, ರಕ್ತ ಹೆಪ್ಪುಗಟ್ಟದಂತೆ ಜೊಲ್ಲು ಬೆರೆಸುತ್ತದೆ, ಹೊಟ್ಟೆ ತುಂಬಿದರೆ ತಾನೇ ಉದುರಿ ಹೋಗುತ್ತದೆ. (ಕೆಲವು ನೆಂಟರಿಗಿಂತ ವಾಸಿ.) ಮಕ್ಕಳು ಹೆದರುತ್ತಾರೆಂದುಕೊಂಡರೆ, ಯಾರ ಕಾಲಿಗೆ ಎಷ್ಟು ಎಂದು ಪಂದ್ಯ ಕಟ್ಟಿದರು. ಕಿರುಚಿದ್ದು ಭಾವ.

ಶಿಖರಕ್ಕೆಂದು ಕಟ್ಟಿದ್ದ ಚಿತ್ರಾನ್ನ ಒಂಟಿಮರದ ಹತ್ತಿರವೇ ಖಾಲಿ. ಮುಂದೆ ಹುಲ್ಲುಗುಡ್ಡ, ಶೋಲಾ ಕಾಡು, ಮಂಜು, ಏದುಸಿರು.

ತುದಿಯಲ್ಲಿ ತಮ್ಮನ ಮಗಳು ಕೇಳಿದಳು: "ಕುದುರೆ ಎಲ್ಲಿ, ದೊಡ್ಡಪ್ಪಾ?"

"ನಾವು ನಿಂತಿರೋದೇ ಅದರ ಮೇಲೆ, ಪುಟ್ಟಿ. ಮುಖ ಕಾಣೋದು ದೂರದಿಂದ ನೋಡಿದರೆ."

"ಹಾಗಿದ್ರೆ ಹತ್ತಿದ್ದು ಯಾಕೆ?"

ನಾನು ಭಾವನ ಕಡೆ ಕೈ ತೋರಿಸಿದೆ. ಅವರು ಕಾಲುಚೀಲದೊಳಗೆ ಇಂಬಳ ಹುಡುಕುತ್ತಿದ್ದರು.